ಪಾಠಕ್ಕೆ ಅಡ್ಡ ಬಂದ ಹೆಸರುಗಳು

ನಮ್ಮ ಕಡೆಯ ಸರಕಾರಿ ಶಾಲೆಗಳಲ್ಲಿ ಯಾರದಾದರೂ ಹೆಸರಿನ ಮೇಲೆ ಕೂರದೆ ಕುಳಿತುಕೊಳ್ಳುವುದು ಸಾಧ್ಯವಿಲ್ಲ. ಬೆಂಚಿನ ಮೇಲೆ ಒಬ್ಬರ ಹೆಸರು, ಎದುರಿನ ಡೆಸ್ಕಿನ ಮೇಲೆ ಇನ್ನೊಬ್ಬರ ಹೆಸರು, ತಲೆ ಎತ್ತಿದರೆ ಫ್ಯಾನಿನ ಮೇಲೆ ಮತ್ತೊಬ್ಬರದು. ನೀರು ಕುಡಿಯಲು ಹೋದರೆ ಟ್ಯಾಂಕಿನ ಹೊಟ್ಟೆಯ ಮೇಲೆ ಯಾರದೋ ತಾಯಿಯ ಸ್ಮರಣೆ, ಕೈ ತೊಳೆಯಲು ಹೋದರೆ ನಳ್ಳಿಯ ಕಟ್ಟೆಯಲ್ಲಿ ಯಾರದೋ ಮದುವೆಯ ನೆನಪು. ಶಿರ್ತಾಡಿಯ ಆಸುಪಾಸಿನ ಒಂದು ಶಾಲೆಯಲ್ಲಿ ಪ್ಲಾಸ್ಟಿಕ್ ಬಕೆಟಿನ ಮೇಲೂ 'ಕೊಡುಗೆ' ಎಂದು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದೇನು ಬಂತು, ಅದನ್ನು ಬರೆದವನೇ ನಾನು.

ಹೌದು, ಹೆಸರು ಬರೆಯುವುದೇ ನನ್ನ ಕಸುಬು. ಮೂಡುಬಿದಿರೆ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ಒಂದು ಕಾಲದಲ್ಲಿ ಅಲ್ಲಿ ಕುಂಚ, ಬಣ್ಣದ ಡಬ್ಬಿ, ಸೀಮೆಎಣ್ಣೆಯ ವಾಸನೆ ಮಾತ್ರ ಇತ್ತು. ಈಗ ಫ್ಲೆಕ್ಸ್ ಬಂದು ಕುಂಚಗಳೆಲ್ಲ ಡಬ್ಬಿಯಲ್ಲಿ ತಲೆಕೆಳಗಾಗಿ ನಿಂತಿವೆ. ಆದರೂ ಶಾಲೆಯವರು ಮಾತ್ರ ಇನ್ನೂ ಕುಂಚದ ಅಕ್ಷರವನ್ನೇ ಕೇಳುತ್ತಾರೆ, ಫ್ಲೆಕ್ಸ್ ಎರಡು ಮಳೆಗೆ ಹರಿಯುತ್ತದೆ, ಎನಾಮಲ್ ಪೇಂಟು ಹತ್ತು ಮಳೆ ಕಂಡರೂ ಜಪ್ಪಯ್ಯ ಎನ್ನುವುದಿಲ್ಲ ಎಂದು. ಅವರ ಈ ನಂಬಿಕೆ ಮುಂದೆ ನನ್ನ ಕುತ್ತಿಗೆಗೇ ಬಂತು. ಅದನ್ನೇ ಹೇಳಹೊರಟಿದ್ದೇನೆ.

ಕೊಡುಗೆಯ ಹೆಸರು ಬರೆಯುವವನಿಗೆ ಮನುಷ್ಯರ ಪರಿಚಯ ಬೇಗ ಆಗುತ್ತದೆ. ಒಬ್ಬರು ನಮ್ಮೂರ ಶಾಲೆಗೆ ಫ್ಯಾನು ಕೊಟ್ಟು, ಅದರ ಮೂರು ರೆಕ್ಕೆಗಳ ಮೇಲೆ ತಮ್ಮ ಹೆಸರು, ಮನೆಯ ಹೆಸರು, ಊರಿನ ಹೆಸರು ಹೀಗೆ ಹಂಚಿ ಬರೆಸಿದರು. ಉದ್ಘಾಟನೆಯ ದಿನ ಸ್ವಿಚ್ ಹಾಕಿದರೆ ಮೂರೂ ಸೇರಿ ಒಂದು ನೀಲಿ ಬಳೆ ಆಯಿತು. ಆಮೇಲೆ ಅವರು ಶಾಲೆಗೆ ಬಂದಾಗಲೆಲ್ಲ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಆ ಫ್ಯಾನನ್ನು ನಿಲ್ಲಿಸುವುದು. ಬೆವರು ಒರೆಸಿಕೊಳ್ಳುತ್ತಾ ತಮ್ಮ ಹೆಸರನ್ನು ಓದಿ, ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ನಾನು ನಗುತ್ತಿದ್ದೆ. ನಗುವ ಹಕ್ಕು ನನಗೆ ಎಷ್ಟಿತ್ತು ಎಂಬುದು ಆಮೇಲೆ ತಿಳಿಯಿತು.

ನನ್ನ ಅಕ್ಷರದ ಮೂಲ ಇದೇ ನಮ್ಮೂರ ಶಾಲೆ. ಮೂರನೆಯ ಮತ್ತು ನಾಲ್ಕನೆಯ ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದವು, ಎರಡಕ್ಕೂ ಸೇರಿ ಒಬ್ಬರೇ ಸುಶೀಲಾ ಟೀಚರ್. ನಾನು ಲೆಕ್ಕದಲ್ಲಿ ದಡ್ಡ. ಉತ್ತರ ತಪ್ಪಾದರೂ ಅಂಕಿಗಳು ಮಾತ್ರ ಬಹಳ ದುಂಡಗೆ ಇರುತ್ತಿದ್ದವು. ಟೀಚರ್ ತಪ್ಪನ್ನು ಬಿಟ್ಟು ದುಂಡಗಿರುವುದನ್ನು ಕಂಡರು. ದಿನಾ ಬೆಳಿಗ್ಗೆ ಬೋರ್ಡಿನ ಮೇಲ್ಭಾಗದಲ್ಲಿ ಒಂದು ಸುಭಾಷಿತ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ಅರ್ಥ ಗೊತ್ತಿಲ್ಲದೆಯೂ ನಾನು ಲೋಕಕ್ಕೆ ಬುದ್ಧಿ ಹೇಳಲು ಆರಂಭಿಸಿದ್ದು ಹಾಗೆ.

ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆಟಕ್ಕೂ ಹೋಗದೆ, ಪ್ರತಿ ಅಕ್ಷರಕ್ಕೂ ಬಣ್ಣದ ಸೀಮೆಸುಣ್ಣದಿಂದ ನೆರಳು ಕೊಟ್ಟು ಬರೆದಿದ್ದೆ. ಸಂಜೆ ಗಂಟೆ ಹೊಡೆಯುವ ಮೊದಲು ಟೀಚರ್ ಎಂದಿನಂತೆ ಡಸ್ಟರ್ ಎತ್ತಿಕೊಂಡು ಅದನ್ನು ಒರೆಸಿಯೇಬಿಟ್ಟರು. ನಾನು ಗೊಳೋ ಎಂದು ಅತ್ತೆ.

"ಎಂತಕ್ಕೆ ಅಳುದು ವಾಸು? ನಾಳೆ ಬರೀಲಿಕ್ಕೆ ಜಾಗ ಬೇಡ್ವಾ?" ಎಂದರು.

ಆ ಮಾತಿನಲ್ಲಿ ನನಗೆ ಯಾವ ಸಮಾಧಾನವೂ ಕಾಣಲಿಲ್ಲ. ಎರಡು ದಿನ ಅವರ ಹತ್ತಿರ ಮಾತೇ ಬಿಟ್ಟೆ. ಅವರು ಗಮನಿಸಿದ ಹಾಗೆ ಕಾಣಲಿಲ್ಲ.

ಶಾಲೆಯ ವಜ್ರ ಮಹೋತ್ಸವ ಬಂದಾಗ ನಾನು ನಡುವಯಸ್ಸಿನವನು. ಅದೇ ಕೋಣೆಗೆ ಹೊಸ ಹಂಚು, ಹೊಸ ನೆಲ ಆಯಿತು. ಕೊಟ್ಟವರ ಹೆಸರುಗಳನ್ನು ಮೂಡು ದಿಕ್ಕಿನ ಗೋಡೆಯ ಮೇಲೆ ಬರೆಯಬೇಕೆಂದು ತೀರ್ಮಾನವಾಯಿತು. ನನಗೆ ಕೊಡಲು ಬೇರೇನೂ ಇರಲಿಲ್ಲ, ಕೂಲಿ ತೆಗೆದುಕೊಳ್ಳದೆ ಬರೆದುಕೊಡುತ್ತೇನೆ ಎಂದೆ. ಬೇಸಿಗೆ ರಜೆಯಲ್ಲಿ ಹನ್ನೊಂದು ದಿನ ಏಣಿಯ ಮೇಲೆ ನಿಂತು, ಹಂಚಿನ ಮಾಡಿನ ಹತ್ತಿರದಿಂದ ಸೊಂಟದ ಎತ್ತರದವರೆಗೆ, ನೀಲಿ ಎನಾಮಲ್‌ನಲ್ಲಿ ಒಂದೊಂದು ಹೆಸರನ್ನೂ ಬರೆದೆ. ಕೊನೆಗೆ ಬಲಗಡೆಯ ಮೂಲೆಯಲ್ಲಿ, ಸಣ್ಣದಾಗಿ, ಕೆಂಪು ಬಣ್ಣದಲ್ಲಿ, 'ವಾಸು' ಎಂದು ನನ್ನ ಸಹಿ ಹಾಕಿದೆ.

ಸಹಿ ಹಾಕಿದ್ದಕ್ಕೆ ನನ್ನ ಬಳಿ ಶಾಸ್ತ್ರಾಧಾರ ಉಂಟು. ಅಂಗಡಿಯಲ್ಲಿ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನು ಬಸದಿಯ ಜಗಲಿಯಲ್ಲಿ ಕುಳಿತು ಶಾಸನದ ಕಲ್ಲುಗಳನ್ನು ನೋಡುವುದುಂಟು. ಓದಲು ನನಗೆ ಬಾರದು, ತಿಳಿದವರು ಓದಿ ಹೇಳಿದ್ದನ್ನು ಕೇಳಿದ್ದೇನೆ. ಹಳೆಯ ದಾನಶಾಸನಗಳ ಕ್ರಮ ಹೆಚ್ಚುಕಡಿಮೆ ಒಂದೇ. ಯಾರು ಕೊಟ್ಟರು, ಯಾವ ಗದ್ದೆ ಕೊಟ್ಟರು, ಅದರ ನಾಲ್ಕು ಗಡಿ ಯಾವುದು, ದೀಪದ ಎಣ್ಣೆಗೆ ಏನು ಬಿಟ್ಟರು. ಕೊನೆಯಲ್ಲಿ, ಸೂರ್ಯಚಂದ್ರರು ಇರುವ ತನಕ ಇದು ಉಳಿಯಲಿ, ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪ. ಕೆಲವು ಕಲ್ಲುಗಳ ಕಡೆಯಲ್ಲಿ ಕೆತ್ತಿದವನ ಹೆಸರೂ ಇರುತ್ತದಂತೆ. ಹಾಗಾಗಿ ನನ್ನ ಕೆಂಪು ಸಹಿ ಬಹಳ ಹಳೆಯ ಸಂಪ್ರದಾಯದ್ದು ಎಂದು ನಾನು ತಿಳಿದುಕೊಂಡಿದ್ದೆ. ಶಾಪದ ಭಾಗ ಆಗ ನೆನಪಾಗಲಿಲ್ಲ.

ಗೋಡೆ ತುಂಬಿತು, ತರಗತಿ ಖಾಲಿಯಾಗತೊಡಗಿತು. ನಮ್ಮೂರಿನಲ್ಲಿ ಶಾಲೆಯ ಬಗ್ಗೆ ಸಭೆಗಳಿಗೇನೂ ಕಡಿಮೆಯಿಲ್ಲ. ಪ್ರತಿ ಸಭೆಯಲ್ಲೂ ಒಂದೇ ಚರ್ಚೆ. "ಸರಕಾರದ ಶಾಲೆ ಅಲ್ವಾ ಮಾರಾಯ್ರೆ, ಸರಕಾರವೇ ಕೊಡ್ಲಿ. ತೆರಿಗೆ ಕಟ್ಟುದು ಎಂತಕ್ಕೆ ನಾವು?" ಎಂದು ಒಬ್ಬರು. "ಹಾಗಾದ್ರೆ ಅಪ್ಪ ಅಮ್ಮನಿಗೂ ಸರಕಾರವೇ ಗಂಜಿ ಹಾಕ್ಲಿ ಅಂತ ಹೇಳ್ತೀರಾ ನೀವು?" ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಶಿಕ್ಷಕರನ್ನು ಸರಕಾರವೇ ಕೊಡಬೇಕು, ಊರು ಕೊಡಲಾಗುವುದಿಲ್ಲ. ಮಮತೆಯನ್ನು ಊರೇ ಕೊಡಬೇಕು, ಅದಕ್ಕೆ ಯಾವ ಇಲಾಖೆಯಲ್ಲೂ ಅನುದಾನವಿಲ್ಲ. ಇಷ್ಟು ಹೊತ್ತಿಗೆ ಚಹಾ, ಗೋಳಿಬಜೆ ಬರುತ್ತಿತ್ತು. ಚರ್ಚೆ ಬಾಯಿ ಮುಚ್ಚಿಕೊಂಡು ತಿನ್ನತೊಡಗುತ್ತಿತ್ತು.

ಆ ಇಬ್ಬರ ಮನೆಯ ಮಕ್ಕಳೂ ಬೆಳಿಗ್ಗೆ ಹಳದಿ ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುವವರು. ನಗಬೇಡಿ, ನನ್ನ ಮಗಳು ಅಶ್ವಿನಿಯೂ ಅದೇ ವ್ಯಾನಿನಲ್ಲಿ ಹೋಗಿ ದೊಡ್ಡವಳಾದಳು. ಆಮೇಲೆ ಅವಳ ಮಗಳು, ನನ್ನ ಮೊಮ್ಮಗಳು ಆದ್ಯಾ, ಅದೇ ವ್ಯಾನಿನಲ್ಲಿ ಯುಕೆಜಿಗೆ ಹೋಗುತ್ತಿದ್ದಳು. ಅಳಿಯ ದಮ್ಮಾಮ್‌ನಲ್ಲಿ, ಅಶ್ವಿನಿ ಮೂಡುಬಿದಿರೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ, ಮಗು ನಮ್ಮ ಮನೆಯಲ್ಲಿ. ಕನ್ನಡ ಶಾಲೆಯ ಗೋಡೆಗೆ ಹನ್ನೊಂದು ದಿನ ಕೊಟ್ಟವನಿಗೆ ಅದರ ಬೆಂಚಿಗೆ ಒಂದು ಮಗುವನ್ನು ಕೊಡಬೇಕೆಂದು ತೋಚಿರಲಿಲ್ಲ. ನಾವೆಲ್ಲ ಹಾಗೆಯೇ. ಫ್ಯಾನು ಕೊಟ್ಟೆವು, ಅದರ ಅಡಿಯಲ್ಲಿ ಕೂರುವವರನ್ನು ಕೊಡಲಿಲ್ಲ.

ಹೀಗಿರುವಾಗ ಪೂರ್ಣಿಮಾ ಟೀಚರ್ ಬಂದರು. ನೆರಿಯ ಎಂಬ ಊರಿನವರು, ಮೂವತ್ತು ದಾಟದ ವಯಸ್ಸು, ಮೂಡುಬಿದಿರೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಸ್ಕೂಟರಿನಲ್ಲಿ ಬರುತ್ತಾರೆ. ಐದು ತರಗತಿಗಳಿಗೆ ಅವರೂ ಮುಖ್ಯೋಪಾಧ್ಯಾಯರೂ ಸೇರಿ ಇಬ್ಬರೇ, ಅದರಲ್ಲಿ ಮುಖ್ಯೋಪಾಧ್ಯಾಯರು ಅರ್ಧ ದಿನ ಮೀಟಿಂಗಿನಲ್ಲಿ. ಟೀಚರ್ ಬಂದ ವರ್ಷವೇ ಇಲಾಖೆಯಿಂದ ಮಾತು ಬಂತು. ಮುಂದಿನ ಜೂನಿಗೆ ಒಂದನೇ ತರಗತಿಗೆ ಮಕ್ಕಳಿಲ್ಲದಿದ್ದರೆ ಈ ಶಾಲೆಯನ್ನು ನಾಲ್ಕು ಕಿಲೋಮೀಟರ್ ಆಚೆಯ ದೊಡ್ಡ ಶಾಲೆಯೊಂದಿಗೆ ಸೇರಿಸುವುದು ಎಂದು. ದೊಡ್ಡ ಶಾಲೆಯಲ್ಲಿ ಎಲ್ಲ ಸೌಕರ್ಯ ಉಂಟು, ಅಲ್ಲಗಳೆಯುವ ಹಾಗಿಲ್ಲ. ಆದರೆ ತೋಡಿನ ಆಚೆ ದಡದ ಏಳೆಂಟು ಮಕ್ಕಳಿಗೆ ವ್ಯಾನು ಇಲ್ಲ.

"ನಾನು ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗ್ತಿದ್ದವಳು ವಾಸಣ್ಣ" ಎಂದರು ಟೀಚರ್ ಒಮ್ಮೆ. "ನಾಲ್ಕು ಕಿಲೋಮೀಟರ್ ಅಂದ್ರೆ ಕಾಗದದಲ್ಲಿ ಎಷ್ಟು, ಕಾಲಲ್ಲಿ ಎಷ್ಟು ಅಂತ ನಂಗೆ ಗೊತ್ತುಂಟು."

ಅವರು ಹುಡುಕಿಕೊಂಡ ಉಪಾಯದ ಹೆಸರು ಮಿಶ್ರ ಕಲಿಕೆ. ಒಂದು ಪ್ರೊಜೆಕ್ಟರ್ ಇದ್ದರೆ ನಾಲ್ಕು ಮತ್ತು ಐದನೇ ತರಗತಿಯವರಿಗೆ ಗೋಡೆಯ ಮೇಲೆ ಚಿತ್ರದ ಪಾಠ ಹಚ್ಚಬಹುದು. ಅವರು ಅದನ್ನು ನೋಡಿ, ತಮ್ಮತಮ್ಮೊಳಗೆ ಚರ್ಚಿಸಿ ಬರೆಯುವಷ್ಟರಲ್ಲಿ ಟೀಚರ್ ಇತ್ತ ಸಣ್ಣವರನ್ನು ನೆಲದಲ್ಲಿ ಕೂರಿಸಿಕೊಂಡು ಕೈಹಿಡಿದು ಕಲಿಸಬಹುದು, ಆಮೇಲೆ ಅತ್ತ ಹೋಗಿ ಚಿತ್ರದಲ್ಲಿ ಕಂಡದ್ದನ್ನು ಮಾತಿನಲ್ಲಿ ಕೇಳಬಹುದು. ಯಂತ್ರ ಅರ್ಧ, ಮನುಷ್ಯ ಅರ್ಧ. ಸಭೆಯಲ್ಲಿ ಇದನ್ನು ಕೇಳಿ ಕೆಲವರು ಬೆರಗಾದರು. ನನಗೆ ಮಾತ್ರ ಸುಶೀಲಾ ಟೀಚರ್ ನೆನಪಾದರು. ಮೂರನೆಯ ತರಗತಿಯಲ್ಲಿ ಕುಳಿತು ನಾಲ್ಕನೆಯವರ ಮಗ್ಗಿ ಕೇಳಿ ಕಲಿತು, ನಾಲ್ಕನೆಯದರಲ್ಲಿ ಕುಳಿತು ಮೂರನೆಯವರ ಪದ್ಯವನ್ನು ಮರಳಿ ಕೇಳಿ ನಾವು ಬೆಳೆದದ್ದೂ ಒಂದು ಮಿಶ್ರಣವೇ. ಕರೆಂಟು ಬೇಕಾಗಿರಲಿಲ್ಲ ಅಷ್ಟೇ.

ಹಳೆ ವಿದ್ಯಾರ್ಥಿಗಳು ಸೇರಿ ಪ್ರೊಜೆಕ್ಟರ್ ಕೊಟ್ಟರು. ಅದರ ಮುಚ್ಚಳದ ಮೇಲೂ ಹೆಸರು ಬರೆದುಕೊಟ್ಟೆ. ಕೋಣೆಗಳಲ್ಲಿ ಸ್ವಲ್ಪ ಕತ್ತಲಾಗುವುದು, ಪ್ಲಗ್ ಪಾಯಿಂಟ್ ಇರುವುದು, ದೊಡ್ಡ ಗೋಡೆ ಇರುವುದು ಒಂದೇ ಕೋಣೆಯಲ್ಲಿ. ಯಾವ ಗೋಡೆ ಎಂದು ನೀವು ಆಗಲೇ ಊಹಿಸಿರಬಹುದು. ಊಹಿಸುವ ಬುದ್ಧಿ ನಮಗೆ ಯಾರಿಗೂ ಇರಲಿಲ್ಲ.

ಮೊದಲ ಪಾಠ ಜೀರ್ಣಾಂಗಗಳದ್ದು. ಗೋಡೆಯ ಮೇಲೆ ಬಣ್ಣಬಣ್ಣದ ಒಂದು ದೊಡ್ಡ ಮನುಷ್ಯನ ಒಳಗಡೆ ಕಾಣಿಸಿಕೊಂಡಿತು, ಅದರ ಮೈತುಂಬ ನನ್ನ ನೀಲಿ ಅಕ್ಷರ. ಗಂಟಲಿನಲ್ಲಿ ಮಾಜಿ ಪಂಚಾಯತ್ ಅಧ್ಯಕ್ಷರು ಸಿಕ್ಕಿಕೊಂಡಿದ್ದರು. ಹೊಟ್ಟೆಯ ಮೇಲೆ ಸರಿಯಾಗಿ 'ದಿವಂಗತ ಪಾಸ್ಕಲ್ ಸ್ಮರಣಾರ್ಥ'. ಕರುಳಿನ ಸುತ್ತುಗಳಲ್ಲಿ ಮೆಲ್ಕಾರಿನ ಹಮೀದಾಕ. ಟೀಚರ್ ಮರುದಿನ, ಅಗಿದ ಅನ್ನ ಗಂಟಲು ದಾಟಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಮಕ್ಕಳು ಒಂದೇ ಸ್ವರದಲ್ಲಿ "ಪಾಸ್ಕಲ್ ಪೊರ್ಬುಗಳಿಗೆ!" ಎಂದರಂತೆ. ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು ವಾಡಿಕೆ. ಕೀಟಲೆಗೆ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ್ದು.

ಸುದ್ದಿ ಕೇಳಿ ನಾನು ನನ್ನ ಅಂಗಡಿಯಿಂದಲೇ ಒಂದು ಬಿಳಿ ಫ್ಲೆಕ್ಸ್ ತಂದು ಕಟ್ಟಿದೆ. ಬೆಳಕು ಬಿದ್ದು ಅದು ಕನ್ನಡಿಯ ಹಾಗೆ ಹೊಳೆದು, ಮಕ್ಕಳೆಲ್ಲ ಕಣ್ಣು ಕಿವುಚಿಕೊಂಡರು. ಬಳಿಕ ಬಿಳಿ ವೇಷ್ಟಿ ಕಟ್ಟಿದೆವು. ಕಿಟಕಿಗೆ ಬಾಗಿಲು ಸರಿ ಇಲ್ಲ, ಗಾಳಿಗೆ ವೇಷ್ಟಿ ಪಟಪಟ ಎಂದು ಆ ದಿನದ ಪಾಠದ ಹೃದಯ ನಿಜವಾಗಿಯೂ ಬಡಿದುಕೊಳ್ಳತೊಡಗಿತು. ಮಕ್ಕಳಿಗೆ ಖುಷಿಯೋ ಖುಷಿ. ಟೀಚರ್ ಮಾತ್ರ ನಗಲಿಲ್ಲ.

"ಗೋಡೆಗೆ ಬಿಳಿ ಬಣ್ಣ ಹೊಡೀಬೇಕು ವಾಸಣ್ಣ. ಬೇರೆ ದಾರಿ ಇಲ್ಲ. ಜೂನಿಗೆ ಮೊದ್ಲು ಅಪ್ಪ ಅಮ್ಮಂದಿರನ್ನು ಕರ್ದು ಈ ಪಾಠ ತೋರಿಸ್ಬೇಕು ಅಂತ ಉಂಟು ನಂಗೆ. ಅವ್ರು ಒಪ್ಪಿದ್ರೆ ಒಂದನೇ ಕ್ಲಾಸಿಗೆ ಮಕ್ಕಳು ಬರ್ತಾರೆ. ಇಲ್ಲದಿದ್ರೆ ಈ ಗೋಡೆಯೂ ಇರುದಿಲ್ಲ, ಹೆಸರೂ ಇರುದಿಲ್ಲ."

ಈಗ ನನಗೆ ಕಾಶಿಯ ಗೋವು ನೆನಪಾಯಿತು. ಕೊಟ್ಟವರ ಹೆಸರನ್ನು ಅಳಿಸುವುದೆಂದರೆ ನಮ್ಮ ಕಡೆ ಸಣ್ಣ ವಿಷಯವಲ್ಲ, ಮೂರು ತಲೆಮಾರು ಮಾತು ಬಿಡಲು ಅಷ್ಟು ಸಾಕು. ಶಾಲೆಯ ಸಮಿತಿಯವರು ಕುಳಿತು ಯೋಚಿಸಿ, ಒಬ್ಬೊಬ್ಬರ ಒಪ್ಪಿಗೆ ಕೇಳಿಯೇ ಅಳಿಸುವ ಎಂದು ತೀರ್ಮಾನಿಸಿದರು. ಕೇಳುವವರು ಯಾರು? ಎಲ್ಲರೂ ನನ್ನ ಮುಖ ನೋಡಿದರು. ಬರೆದವನೇ ಹೋಗಿ ಕೇಳಲಿ ಎನ್ನುವುದು ನ್ಯಾಯವೇ, ಆದರೂ ಆ ದಿನದ ಗೋಳಿಬಜೆ ನನಗೆ ರುಚಿಸಲಿಲ್ಲ.

ಪ್ರತಿ ಭಾನುವಾರ ಬೈಕು ಹತ್ತಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗುತ್ತಿದ್ದೆ. ಮೆಲ್ಕಾರಿನಲ್ಲಿ ಹಮೀದಾಕನದು ಟಯರಿನ ಅಂಗಡಿ. ನಮ್ಮ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿ, ಬಳಿಕ ಮಾವನ ಮನೆಗೆ ಬಂದು ನೆಲೆನಿಂತವರು. ವಿಷಯ ಹೇಳಿದೆ. ಕರುಳಿನ ಸಂಗತಿಯನ್ನು ಮುಚ್ಚಿಟ್ಟೆ. ಅವರು ಟಯರಿಗೆ ಗಾಳಿ ಹಾಕುತ್ತಲೇ ಕೇಳಿದರು.

"ನಾನು ಗೋಡೆಗೆ ಕೊಟ್ಟದ್ದಾ ಮಾರಾಯ? ಮಕ್ಕಳಿಗೆ ಕೊಟ್ಟದ್ದು. ಅಳಿಸು, ಅಳಿಸು." ಸ್ವಲ್ಪ ತಡೆದು, "ಅಳಿಸುವ ಮೊದ್ಲು ಒಂದು ಫೋಟೋ ತೆಗ್ದು ಕಳ್ಸು. ಮನೆಯಲ್ಲಿ ತೋರಿಸ್ಲಿಕ್ಕೆ."

ಹೋದಲ್ಲೆಲ್ಲ ಹೆಚ್ಚುಕಡಿಮೆ ಇದೇ ಮಾತು. ಫ್ಯಾನಿನ ರೆಕ್ಕೆಯವರಂತೂ, "ಗೋಡೆಯದ್ದು ಹೋದ್ರೆ ಹೋಗ್ಲಿ, ಫ್ಯಾನಿನದ್ದು ಉಂಟಲ್ಲ" ಎಂದು ಚಹಾ ಕುಡಿಸಿ ಕಳಿಸಿದರು. ಇಷ್ಟು ವರ್ಷ ಇವರ ಹೆಸರಿನ ಆಸೆಯನ್ನು ಕಂಡು ಒಳಗೊಳಗೇ ನಕ್ಕವನು ನಾನು. ಅಳಿಸುತ್ತೇನೆ ಎಂದಾಗ ಒಬ್ಬರೂ ಮುಖ ಗಂಟಿಕ್ಕಲಿಲ್ಲ. ಬೈಕಿನಲ್ಲಿ ಹಿಂದಿರುಗುವಾಗ ಹೆಲ್ಮೆಟಿನ ಒಳಗೆ ನನಗೆ ನಾಚಿಕೆಯಾಯಿತು.

ಉಳಿದವರು ಐರಿನ್ ಬಾಯಮ್ಮ ಒಬ್ಬರೇ. ಪಾಸ್ಕಲ್ ಪೊರ್ಬುಗಳ ಹೆಂಡತಿ, ಎಂಬತ್ತರ ಹತ್ತಿರ. ಪ್ರತಿ ಸ್ವಾತಂತ್ರ್ಯ ದಿನಕ್ಕೂ ಶಾಲೆಗೆ ಬಂದು, ಧ್ವಜ ಏರಿದ ಮೇಲೆ ಆ ಕೋಣೆಗೆ ಹೋಗಿ ಗಂಡನ ಹೆಸರಿನ ಎದುರು ಒಂದು ನಿಮಿಷ ನಿಲ್ಲುವವರು. ಅವರಿಗೆ ಹೇಗೆ ಹೇಳುವುದು? ಅವರ ಮನೆಯ ಮೆಟ್ಟಿಲಿನಲ್ಲಿ ಕುಳಿತು ತೆಂಗಿನ ಫಸಲು, ಮಂಡಿ ನೋವು, ದೊಡ್ಡ ಮಗನ ಮಗಳ ಮದುವೆ ಎಲ್ಲ ಮಾತಾಡಿದ ಮೇಲೆ ವಿಷಯಕ್ಕೆ ಬಂದೆ. ಬಾಯಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಎಂತದಕ್ಕೆ ಅಡ್ಡ ಬರ್ತದೆ ಅಂತ ನಾನು ಒಮ್ಮೆ ನೋಡ್ಬೇಕು" ಎಂದರು.

ಮರುದಿನ ರಿಕ್ಷಾದಲ್ಲಿ ಬಂದರು. ಮಕ್ಕಳ ನಡುವೆ ಬೆಂಚಿನಲ್ಲಿ ಕುಳಿತರು. ಟೀಚರ್ ದೀಪ ಆರಿಸಿ ಅದೇ ಪಾಠ ಹಚ್ಚಿದರು. ಗೋಡೆಯ ಮೇಲೆ ದೊಡ್ಡದೊಂದು ಹೊಟ್ಟೆ, ಹೊಟ್ಟೆಯ ನಡುವೆ ಪಾಸ್ಕಲ್. ನಾನು ಬಾಗಿಲಿನಲ್ಲಿ ನಿಂತಿದ್ದೆ. ಮೊದಲು ಬಾಯಮ್ಮನ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡು ಹತ್ತಿರ ಹೋದರೆ, ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಜೀವಮಾನ ಇಡೀ ಹೊಟ್ಟೆ ನೋವು, ಹೊಟ್ಟೆ ಉರಿ ಅಂತ ನನ್ನ ಪ್ರಾಣ ತಿಂದ್ರು ಈ ಮನುಷ್ಯ. ಈಗ ನೋಡು, ಹೊಟ್ಟೆಯಲ್ಲೇ ಹೋಗಿ ಕೂತಿದ್ದಾರೆ!"

ನಗು ಮುಗಿದು ಕಣ್ಣು ಒರೆಸಿಕೊಂಡರು. ಎದ್ದು ಗೋಡೆಯ ಹತ್ತಿರ ಹೋಗಿ ಗಂಡನ ಹೆಸರನ್ನು ಅಂಗೈಯಿಂದ ಒಮ್ಮೆ ಮುಟ್ಟಿ, "ಬಿಳಿ ಹೊಡಿ ವಾಸು. ಅವ್ರು ಬೇಡ ಅಂತ ಹೇಳುವವರಲ್ಲ" ಎಂದರು. ಹೊರಗೆ ರಿಕ್ಷಾ ಹತ್ತುವಾಗ ಟೀಚರ್ ಅವರ ಕಾಲು ಮುಟ್ಟಿದರು. ನನಗೆ ಹಾಗೆ ಮಾಡಲು ಬುದ್ಧಿ ಬರಲಿಲ್ಲ, ಬರಬೇಕಿತ್ತು.

ಬೇಸಿಗೆ ರಜೆಯಲ್ಲಿ ಮತ್ತೆ ಅದೇ ಏಣಿ. ಫೋಟೋ ತೆಗೆದೆ, ಹೆಸರುಗಳನ್ನೆಲ್ಲ ಜಗಲಿಯ ಒಂದು ಸಣ್ಣ ಹಲಗೆಗೆ ಇಳಿಸಿದೆ, ಗೋಡೆಯನ್ನು ಉಪ್ಪುಕಾಗದದಿಂದ ಉಜ್ಜಿ ಬಿಳಿ ಬಳಿದೆ. ಎರಡನೆಯ ಕೈ ಬಳಿಯುವಷ್ಟರಲ್ಲಿ ನೀಲಿಯೆಲ್ಲ ಅಡಗಿತು. ಕೆಂಪಿನ ಗುಣವೇ ಬೇರೆ. ಕಸುಬಿನವರಿಗೆ ಗೊತ್ತು, ಕೆಂಪಿನ ಮೇಲೆ ಬಿಳಿ ಬಳಿದರೆ ಅದು ಒಳಗಿನಿಂದಲೇ ಊರಿ ಮೇಲೆ ಬರುತ್ತದೆ. ಮೂರನೆಯ ಕೈ ಒಣಗಿದ ಮೇಲೆ ನೋಡಿದರೆ ಎಲ್ಲ ದಾನಿಗಳೂ ಹೋಗಿದ್ದರು. ಒಂದು ಪೈಸೆಯನ್ನೂ ಕೊಡದ ವಾಸು ಒಬ್ಬ ಮಾತ್ರ ಬಲಮೂಲೆಯಲ್ಲಿ ತೆಳು ಗುಲಾಬಿ ಬಣ್ಣದಲ್ಲಿ ನಿಂತಿದ್ದ.

"ಇರ್ಲಿ ಬಿಡಿ ವಾಸಣ್ಣ, ಸಣ್ಣದಲ್ವಾ" ಎಂದರು ಟೀಚರ್. ಬಣ್ಣ ಮುಗಿದಿದೆ ಎಂದು ಹೇಳಿ ನಾನೂ ಒಪ್ಪಿಕೊಂಡೆ. ಡಬ್ಬಿಯಲ್ಲಿ ಬಣ್ಣ ಇತ್ತು. ನಿಮ್ಮ ಹತ್ತಿರ ಸುಳ್ಳು ಯಾಕೆ, ಒಳಗೊಳಗೆ ನನಗೆ ಹಿತವಾಗಿತ್ತು.

ಮೇ ತಿಂಗಳ ಕೊನೆಗೆ ಅಪ್ಪ ಅಮ್ಮಂದಿರ ಸಭೆ. ಅಶ್ವಿನಿಗೆ ಅಂದು ರಜೆ. ನೋಡಲಿಕ್ಕಾದರೂ ಬಾ ಎಂದು ಅವಳನ್ನೂ ಆದ್ಯಾಳನ್ನೂ ಕರೆದುಕೊಂಡು ಹೋದೆ. ಬಿಳಿ ಗೋಡೆಯ ಮೇಲೆ ದಾಸವಾಳದ ಹೂವೊಂದು ಮೆಲ್ಲಗೆ ಅರಳಿತು, ಕೇಸರ, ಪರಾಗ ಎಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ಆಮೇಲೆ ಟೀಚರ್ ಪ್ರತಿ ಮಗುವಿನ ಕೈಗೂ ಶಾಲೆಯ ಗಿಡದ ಒಂದೊಂದು ದಾಸವಾಳ ಕೊಟ್ಟು, ಗೋಡೆಯಲ್ಲಿ ಕಂಡದ್ದನ್ನು ಕೈಯಲ್ಲಿ ಹುಡುಕಲು ಹೇಳಿದರು. ಸಭೆಯ ಹಳೆಯ ವಾದಗಾರರಿಬ್ಬರೂ ಹೂವು ಹಿಡಿದು ಕೇಸರ ಎಣಿಸುತ್ತಿದ್ದದ್ದನ್ನು ನಾನು ನೋಡಿದೆ.

ಆದ್ಯಾ ಹೂವು ಹಿಡಿದುಕೊಂಡು ಗೋಡೆಯ ಹತ್ತಿರವೇ ಹೋಗಿಬಿಟ್ಟಳು. ಮೂಲೆಯ ಗುಲಾಬಿ ಗೀರುಗಳ ಮೇಲೆ ಬೆರಳಿಟ್ಟು, "ಅಜ್ಜ, ಇದು ಎಂತ ಚಿತ್ರ?" ಎಂದು ಕೇಳಿದಳು.

ಚಿತ್ರವಲ್ಲ ಮಗಾ, ಅಕ್ಷರ, ನನ್ನ ಹೆಸರು ಎಂದು ಹೇಳಲು ಬಾಯಿ ತೆರೆದೆ. ಬದಲಿಗೆ ಅವಳ ಕೈಯ ಹೂವನ್ನು ತೋರಿಸಿ ಮಾತು ತಿರುಗಿಸಿದೆ. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ರಸ್ತೆಯ ಎರಡೂ ಬದಿಯಲ್ಲಿ ನನ್ನ ಅಕ್ಷರ ಉಂಟು. ಅದನ್ನು ಓದಿ ಬಸ್ಸು ಹತ್ತಿದವರು, ಅಂಗಡಿ ಹುಡುಕಿದವರು, ಮದುವೆ ಮನೆಗೆ ಹೋದವರು ಎಷ್ಟೋ ಮಂದಿ. ನನ್ನ ಮನೆಯ ಮಗುವಿಗೆ ಮಾತ್ರ ಅದು ಗೋಡೆಯ ಮೇಲಿನ ಗೀರು.

ಹೊರಗೆ ಬರುವಾಗ ಅಶ್ವಿನಿಗೆ ಹೇಳಿದೆ, ಇವಳನ್ನು ಇಲ್ಲಿಗೇ ಹಾಕುವ ಎಂದು. ಅವಳು ನನ್ನ ಮಗಳು, ಆದರೆ ಲೆಕ್ಕದಲ್ಲಿ ಜಾಣೆ.

"ನಿಮ್ಗೆ ಶಾಲೆ ಉಳಿಸ್ಲಿಕ್ಕೆ ಒಂದು ಮಗು ಬೇಕಾದ್ದಾ ಅಪ್ಪ, ಅಲ್ಲ ಇವಳಿಗೆ ಒಂದು ಒಳ್ಳೆ ಶಾಲೆ ಬೇಕಾದ್ದಾ? ಮೊದಲು ಅದನ್ನು ಹೇಳಿ."

ಉತ್ತರವನ್ನು ಅವಳೇ ಹುಡುಕಿಕೊಂಡಳು. ಶಾಲೆ ಆರಂಭವಾದ ಮರುದಿನ ಅರ್ಧ ರಜೆ ಹಾಕಿ ಬಂದು, ತರಗತಿಯ ಹಿಂದೆ ಕುಳಿತು, ಟೀಚರ್ ಪಾಠ ಮಾಡುವುದನ್ನು ಮಧ್ಯಾಹ್ನದ ಊಟದವರೆಗೆ ನೋಡಿದಳು. ಇಂಗ್ಲಿಷನ್ನು ಒಂದನೆಯಿಂದಲೇ ಕಲಿಸುತ್ತೀರಾ ಎಂದು ಕೇಳಿದಳು, ಪುಸ್ತಕ ತಿರುವಿ ನೋಡಿದಳು, ಮಕ್ಕಳ ಜೊತೆ ಅನ್ನ ಸಾರು ಉಂಡಳು. ಸಂಜೆ ದಮ್ಮಾಮ್‌ಗೆ ಫೋನು ಮಾಡಿ ಗಂಡನೊಂದಿಗೆ ಒಂದು ಗಂಟೆ ವಾದಿಸಿದಳು. ಮರುದಿನ ಹಳದಿ ವ್ಯಾನಿನ ಚಾಲಕನಿಗೆ ನಮ್ಮ ಗೇಟಿನ ಹತ್ತಿರ ನಿಲ್ಲಿಸಬೇಡಿ ಎಂದು ಹೇಳಿದಳು. ಒಂದನೇ ತರಗತಿಗೆ ಈ ವರ್ಷ ಒಂಬತ್ತು ಮಕ್ಕಳು ಬಂದಿದ್ದಾರೆ. ಹಳೆಯ ವಾದಗಾರರಲ್ಲಿ ಒಬ್ಬರ ಮೊಮ್ಮಗನೂ ಅದರಲ್ಲಿ ಉಂಟು. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ, ಈ ವರ್ಷ ತೋಡಿನ ಆಚೆಯ ಮಕ್ಕಳು ನಾಲ್ಕು ಕಿಲೋಮೀಟರ್ ನಡೆಯುವುದಿಲ್ಲ.

ಈಗ ಅಕ್ಷರ ಕಲಿಸುವ ಕ್ರಮವೇ ಬದಲಾಗಿದೆ ನೋಡಿ. ನಮ್ಮ ಕಾಲದ ಅ ಆ ಇ ಈ ಅಲ್ಲ, ರ ಗ ಸ ದ ಎಂದು ಶುರು. ಮೊದಲ ದಿನ ಇದನ್ನು ಕೇಳಿ ನನಗೆ ಸಿಟ್ಟು ಬಂದಿತ್ತು. ಅಕ್ಷರದ ಬೆಲೆ ತಿಳಿದವನು ಊರಿನಲ್ಲಿ ನಾನೊಬ್ಬನೇ ಎಂಬ ಹಮ್ಮು ನನ್ನದು. ದಸರಾ ರಜೆ ಮುಗಿಯುವ ಹೊತ್ತಿಗೆ ಆದ್ಯಾ ಅಂಗಡಿ ಬೋರ್ಡುಗಳನ್ನು ಬಿಡಿಬಿಡಿಯಾಗಿ ಓದತೊಡಗಿದಾಗ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಹೋದ ತಿಂಗಳು ಒಂದು ಸಂಜೆ ಅವಳನ್ನು ಕರೆದುಕೊಂಡು ಬರಲು ಶಾಲೆಗೆ ಹೋಗಿದ್ದೆ. ಕೈಹಿಡಿದು ಎಳೆದುಕೊಂಡು ಹೋಗಿ ಗೋಡೆಯ ಮೂಲೆಯಲ್ಲಿ ನಿಲ್ಲಿಸಿದಳು. ಬೆರಳಿಟ್ಟು ಓದಿದಳು. "ವಾ... ಸು. ವಾಸು! ಅಜ್ಜ, ಇದು ನೀವು!"

ನನ್ನ ಕಣ್ಣು ತುಂಬಿತು. ಎಷ್ಟೋ ಸನ್ಮಾನದ ಬೋರ್ಡುಗಳನ್ನು ಬರೆದಿದ್ದೇನೆ, ನನಗೆ ಸನ್ಮಾನವಾದದ್ದು ಅದೊಂದೇ ಬಾರಿ. ಅವಳು ಮಾತ್ರ ಹಣೆ ಗಂಟಿಕ್ಕಿಕೊಂಡು ಗೋಡೆಯನ್ನೇ ನೋಡುತ್ತಿದ್ದಳು.

"ಅಜ್ಜ, ಇದನ್ನು ಅಳಿಸಿ. ಚಿತ್ರ ಬರುವಾಗ ನೀವು ಅಡ್ಡ ಬರ್ತೀರಿ."

ನಾನು ಹೂಂ ಎಂದೆ. ಬೇರೆ ಏನು ಹೇಳುವುದು? ಭಾನುವಾರ ಬೆಳಿಗ್ಗೆ ಕೆತ್ತುವ ಪಟ್ಟಿ, ಉಪ್ಪುಕಾಗದ, ಒಂದು ಸಣ್ಣ ಡಬ್ಬಿ ಬಣ್ಣ ತೆಗೆದುಕೊಂಡು ಶಾಲೆಗೆ ಹೋದೆ. ಖಾಲಿ ಕೋಣೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೆಂಪನ್ನು ಗಾರೆಯವರೆಗೂ ಕೆರೆದು ತೆಗೆದೆ. ಹುಡಿ ನನ್ನ ಮುಂಗೈ ಮೇಲೆ ಬಿತ್ತು, ಥೇಟ್ ಡಸ್ಟರಿನಿಂದ ಉದುರುವ ಸೀಮೆಸುಣ್ಣದ ಹಾಗೆ. ಸುಶೀಲಾ ಟೀಚರ್ ದಿನಾ ಸಂಜೆ ನನ್ನ ಅಕ್ಷರ ಒರೆಸುತ್ತಿದ್ದದ್ದು ಇದೇ ಕೋಣೆಯಲ್ಲಿ, ಎದುರಿನ ಗೋಡೆಯ ಬೋರ್ಡಿನಲ್ಲಿ. ಅವರ ಹೆಸರು ಈ ಶಾಲೆಯ ಯಾವ ಬೆಂಚಿನ ಮೇಲೂ ಇಲ್ಲ, ಜಗಲಿಯ ಹಲಗೆಯಲ್ಲೂ ಇಲ್ಲ. ನಾನು ಈ ಗೋಡೆಗೆ ಕೊಟ್ಟೆ ಎಂದು ಬೀಗಿದ್ದೆಲ್ಲ ಅವರ ಕೈಯಿಂದ ಕೊಂಡುಹೋದದ್ದೇ. ಹೆಸರಿಲ್ಲದವರಿಂದ ಇಷ್ಟೊಂದು ಪಡೆದೆನಲ್ಲ ಎಂದು ಮನಸ್ಸು ತುಂಬಿ ಬಂತು. ಎರಡು ದಿನ ಮಾತು ಬಿಟ್ಟದ್ದಕ್ಕೆ ಕ್ಷಮೆ ಕೇಳೋಣವೆಂದರೆ ಅವರೀಗ ಇಲ್ಲ.

ಬಣ್ಣ ಒಣಗಿದ ಮೇಲೆ ಬಾಗಿಲಿನಲ್ಲಿ ನಿಂತು ನೋಡಿದೆ. ಗೋಡೆಯಲ್ಲಿ ಯಾರೂ ಇರಲಿಲ್ಲ. ನಾಳೆ ಬರೆಯಲು ಬೇಕಾದಷ್ಟು ಜಾಗ ಇತ್ತು.